ಹಗ್ಗಕ್ಕೆ ಹಾಕಿದ ಚಿತ್ರಗಳು

ಮೇಡಮ್ಮನ ಬಲಗೈ ಬೆರಳುಗಳೆಲ್ಲ ಒಂದೇ ಬಣ್ಣದಲ್ಲಿದ್ದ ದಿನವನ್ನು ನಾನು ಕಾಣೆ. ಹೆಬ್ಬೆರಳ ತುದಿ ಕೆಂಪು, ತೋರುಬೆರಳು ನೀಲಿ, ಉಗುರಿನ ಸಂದಿಯಲ್ಲಿ ಹಸಿರು. ಪ್ರೊಜೆಕ್ಟರಿಗೆ ಇಡುವ ಗಾಜಿನಂಥ ಹಾಳೆಗಳ ಮೇಲೆ ಬರೆಯುವ ಪೆನ್ನಿನ ಶಾಯಿ ಅದು. ಬರೆಯುತ್ತ ಬರೆಯುತ್ತ ಕೈ ಒರೆಸಿಕೊಳ್ಳುತ್ತಿದ್ದದ್ದು ಸೀರೆಯ ಸೆರಗಿಗೆ, ಆ ಸೆರಗು ಒಗೆಯಲು ಬರುತ್ತಿದ್ದದ್ದು ನಮ್ಮ ಮನೆಗೆ. ಹಾಗಾಗಿ ನಮ್ಮಮ್ಮನಿಗೆ ಅವರ ಪರಿಚಯ ಮೊದಲು ಆದದ್ದು ಮುಖದಿಂದಲ್ಲ, ಕಲೆಯಿಂದ. "ಯಾವ ಪುಣ್ಯಾತ್ಗಿತ್ತೀನೋ, ದಿನಾ ಸೀರೇಲಿ ಹೋಳಿ ಆಡ್ತಾಳೆ" ಅಂತ ಬೈದುಕೊಂಡೇ ಅಮ್ಮ ಸೆರಗಿಗೆ ನಿಂಬೆಹಣ್ಣು ಉಜ್ಜುತ್ತಿದ್ದಳು.

ನಾವು ಹಲಸೂರಿನ ಮಡಿವಾಳರು. ನಮ್ಮ ತಾತನ ಕಾಲದಿಂದಲೂ ಅಲ್ಲೇ ಒಂದು ದೋಬಿ ಘಾಟು. ಸಾಲಾಗಿ ಒಗೆಯುವ ಕಲ್ಲು, ನೀರಿನ ತೊಟ್ಟಿ, ಬಟ್ಟೆ ಬೇಯಿಸುವ ಹಂಡೆ, ಹಿಂದೆ ಒಣಗಿಸುವ ಬಯಲು. ಅಮ್ಮ ಆ ಘಾಟಿನ ಯಜಮಾನಿ ಇದ್ದಂಗೆ. ಅಪ್ಪ ಹೋದ ಮೇಲೆ ಅಲ್ಲಿನ ಜಗಳ, ನ್ಯಾಯ, ನೀರಿನ ಸರದಿ ಎಲ್ಲ ಅವಳದೇ. ನಾನು ಡಿಗ್ರಿ ಮುಗಿಸಿ ಶಿವಾಜಿನಗರದ ಒಂದು ಟೈಪಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಮೇಡಮ್ಮ ಇದ್ದದ್ದು ಜೀವನ್ ಬಿಮಾ ನಗರದಲ್ಲಿ. ಧಾರವಾಡದ ಕಡೆಯವರು. ವಿಮಾ ಏಜೆಂಟರಿಗೆ ತರಬೇತಿ ಕೊಡೋದು ಅವರ ಕೆಲಸ. ಚಾರ್ಟು, ಸ್ಲೈಡು, ಪರದೆ ಇಲ್ಲದೆ ಅವರು ಬಾಯಿ ಬಿಡುತ್ತಿರಲಿಲ್ಲ. ಎತ್ತರದ ಆಳು, ದೊಡ್ಡ ಕುಂಕುಮ. ನಡೆದರೆ ಚಪ್ಪಲಿ ಸದ್ದು ಮುಂದಿನ ರಸ್ತೆಗೆ ಕೇಳಬೇಕು. ಮೇಜಿನ ಮೇಲೆ ಮುಚ್ಚಳ ತೆಗೆದ ಪೆನ್ನು ಕಂಡರೆ ಯಾರ ಮನೆ ಅಂತಲೂ ನೋಡದೆ ಬೈಯುತ್ತಿದ್ದರು. ಇಸ್ತ್ರಿ ಬಟ್ಟೆ ಕೊಡಲು ಹೋದರೆ ಬಾಗಿಲಲ್ಲಿ ನಿಲ್ಲಿಸಿ ಕಳಿಸುತ್ತಿರಲಿಲ್ಲ. ಒಳಗೆ ಕರೆದು, ಗೋಡೆಯ ಮೇಲೆ ಸ್ಲೈಡ್ ಬಿಟ್ಟು, "ಇದನ್ನ ನೋಡಿ ಏನ್ ಅನ್ನಿಸ್ತು, ತಂಗಿ? ಓದಬ್ಯಾಡ, ನೋಡು" ಅನ್ನುತ್ತಿದ್ದರು. ನಾನು ತಡವರಿಸಿದರೆ ಆ ಸ್ಲೈಡು ಕಸದ ಬುಟ್ಟಿಗೆ. ಅಯ್ಯೋ ಪಾಪ ಅನ್ನೋಷ್ಟು ಚೆನ್ನಾಗಿರೋ ಚಿತ್ರಗಳನ್ನೂ ಹಂಗೇ ಎಸೆಯೋರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಘಾಟಿನ ಗೋಡೆಗೆ ನಗರಪಾಲಿಕೆಯ ನೋಟೀಸು ಅಂಟಿತು. ಆ ಜಾಗದಲ್ಲಿ ವಾಹನ ನಿಲ್ಲಿಸುವ ಕಟ್ಟಡ ಬರುತ್ತದಂತೆ. "ಸ್ಥಳ ಪರಿಶೀಲನೆಯ ವೇಳೆ ಯಾವುದೇ ಚಟುವಟಿಕೆ ಕಂಡುಬಂದಿಲ್ಲ, ಜಾಗ ಬಳಕೆಯಲ್ಲಿಲ್ಲ" ಅಂತ ಬರೆದಿತ್ತು. ಆಕ್ಷೇಪಣೆ ಇದ್ದರೆ ಗುರುವಾರ ಬಂದು ದೊಡ್ಡ ಅಧಿಕಾರಿಗಳ ಮುಂದೆ ಹೇಳಿಕೊಳ್ಳಬಹುದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಥೂ, ಕಣ್ಣು ಕಿತ್ತು ಜೇಬಲ್ಲಿ ಇಟ್ಕೊಂಡು ಬಂದಿದ್ರಾ? ಕೋಳಿ ಕೂಗೋಕೆ ಮುಂಚೆ ಶುರುವಾಗೋ ಘಾಟು ಇದು!" ಅಂತ ನೋಟೀಸಿನ ಮುಂದೆ ನಿಂತೇ ಕೂಗಾಡಿದೆ. ಕೂಗಾಡಿ ಏನು ಬಂತು? ಘಾಟು ಹೋದರೆ ಅಮ್ಮ ಹೋಗುವುದೆಲ್ಲಿಗೆ, ಅಷ್ಟೂ ಮನೆಯವರು ಒಗೆಯುವುದು ಯಾವ ಕಲ್ಲಿನ ಮೇಲೆ? ಓದಿದವಳು ಅಂತ ಎಲ್ಲರೂ ನನ್ನ ಮುಖ ನೋಡಿದರು.

ನಾನು ರೊಚ್ಚಿಗೆದ್ದು ಒಂದು ಕಂತೆ ಟೈಪ್ ಮಾಡಿದೆ. ತಾತನ ಕಾಲ, ರಾಜರ ಕಾಲ, ಕಾನೂನು, ಕಣ್ಣೀರು, ಒಂದನ್ನೂ ಬಿಟ್ಟಿರಲಿಲ್ಲ. ಅದನ್ನು ಹಿಡಿದು ಮೇಡಮ್ಮನ ಮನೆಗೆ ಹೋದೆ. ಅವರು ಹಾಳೆ ತಿರುವಿ ತಿರುವಿ ನೋಡಿದರು.

"ಚಲೋ ಬರ್ದೀ. ಆದ್ರ ಇದನ್ನ ನೀ ಓದಿ ಮುಗಿಸೂದ್ರಾಗ ಅವರ ಊಟದ ಹೊತ್ತಾಗ್ತದ. ಊಟ ಆದಮ್ಯಾಲೆ ನಿದ್ದಿ ಬರ್ತದ. ನಿಮ್ಮ ಘಾಟು ಅವರ ನಿದ್ದ್ಯಾಗ ಹೋಗ್ತದ ನೋಡು."

ಮಾರನೇ ದಿನ, ಭಾನುವಾರ, ಅವರೇ ಘಾಟಿಗೆ ಬಂದರು. ಕೆಲಸ ಮುಗಿದು ಬಯಲು ಖಾಲಿಯಾಗಿತ್ತು. ಖಾಲಿ ಕಾಗದಗಳ ಮೇಲೆ ಬಣ್ಣದ ಪೆನ್ನಿನಲ್ಲಿ ಒರಟಾಗಿ ಚಿತ್ರ ಗೀಚಿದರು: ಒಂದು ಕಾಗದದಲ್ಲಿ ಒಂದೇ ಚಿತ್ರ. ಅವನ್ನು ನಮ್ಮ ಹಗ್ಗಕ್ಕೆ ಸಾಲಾಗಿ ಸಿಕ್ಕಿಸಿದರು. ನಮ್ಮ ಹಗ್ಗಕ್ಕೆ ಕ್ಲಿಪ್ಪು ಬೇಡ. ಎರಡು ಎಳೆ ಹೊಸೆದದ್ದು, ಎಳೆಗಳ ನಡುವೆ ತುದಿ ತೂರಿಸಿದರೆ ಗಾಳಿಗೂ ಬಿಡಲ್ಲ. "ಎಷ್ಟು ಛಂದ ಅದ ಇದು! ನಾ ಇಷ್ಟು ವರ್ಷ ಗೋಡೆಗೆ ಅಂಟಿಸಿ ಅಂಟಿಸಿ ಸುಣ್ಣ ಕಿತ್ತಿಸಿದೆ" ಎಂದು ಖುಷಿಪಟ್ಟರು.

ಆಮೇಲೆ ಅಮ್ಮನನ್ನು ಕರೆದು, ಹಗ್ಗದ ಉದ್ದಕ್ಕೂ ನಡೆಯುತ್ತ, ಬರೀ ಚಿತ್ರ ನೋಡಿ ಕಥೆ ಹೇಳು ಅಂದರು. ಅಮ್ಮ ಎಲ್ಲಿ ತಡವರಿಸಿ ನಿಂತಳೋ ಆ ಕಾಗದ ಕಿತ್ತರು. ರಾಜರ ಕಾಲ ಹೋಯಿತು. ಕಾನೂನು ಹೋಯಿತು. ಕಣ್ಣೀರೂ ಹೋಯಿತು. ನನ್ನ ಎದೆಯೇ ಕಿತ್ತಂಗಾಯಿತು.

"ಎಲ್ಲಾ ತೆಗೆದ್ರೆ ಇನ್ನೇನ್ ಉಳೀತು ಮೇಡಮ್ಮ?"

"ಅವರು ಮನಿಗೆ ಏನ್ ಒಯ್ಬೇಕು, ಅದಷ್ಟ ಉಳೀತು. ಘಾಟು ಜೀವಂತ ಅದ. ಅದೊಂದ ಮಾತು. ಇನ್ನ ಅದಕ್ಕ ಫೋಟೊ ತೆಗಸು."

ಸೋಮವಾರ ನನಗೂ ಅವರಿಗೂ ಕೆಲಸ. ಕಮರ್ಷಿಯಲ್ ಸ್ಟ್ರೀಟ್‌ನ ಸ್ಟುಡಿಯೋ ಅಣ್ಣನಿಗೆ ಹೇಳಿ, ಅಮ್ಮನಿಗೆ "ಚೆನ್ನಾಗಿ ತೆಗೆಸು" ಅಂತ ಹೇಳಿ ಹೋದೆವು. ಮಂಗಳವಾರ ಸಂಜೆ ಸ್ಲೈಡುಗಳು ಬಂದವು. ಮೇಡಮ್ಮನ ಮನೆಯಲ್ಲಿ ನಾವು ಮೂವರೂ ಕೂತೆವು. ಅವರು ದೀಪ ಆರಿಸಿ ಫೋಟೊ ಸ್ಲೈಡಿನ ಪ್ರೊಜೆಕ್ಟರ್ ಹಚ್ಚಿದರು.

ಗೋಡೆಯ ಮೇಲೆ ಘಾಟು ಬಂತು. ಕಲ್ಲುಗಳು ಥಳಥಳ ತೊಳೆದಿವೆ. ತೊಟ್ಟಿ ಖಾಲಿ. ಹಂಡೆ ಬೋರಲು ಹಾಕಿದೆ. ಹಗ್ಗದ ಮೇಲೆ ಒಂದು ಕರವಸ್ತ್ರವೂ ಇಲ್ಲ. ನೆಲಕ್ಕೆ ರಂಗೋಲಿ. ಮೂಲೆಯಲ್ಲಿ ನಮ್ಮವರೆಲ್ಲ ಮದುವೆಯ ಸೀರೆ, ಗರಿಗರಿ ಪಂಚೆ ಉಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ.

"ಏನಮ್ಮಾ ಇದು! ಬಟ್ಟೆ ಎಲ್ಲಿ?"

"ಫೋಟೊ ತೆಗೀತಾರೆ ಅಂದ್ಯಲ್ಲ, ಅದಕ್ಕೇ ಎತ್ತಿಬಿಟ್ವಿ" ಅಂದಳು ಅಮ್ಮ, ಬಹುಮಾನ ಬಂದವಳ ಹಾಗೆ. "ಸ್ಟುಡಿಯೋ ಅಣ್ಣನೇ ಕೇಳ್ದ, ಏನಮ್ಮ ಇಲ್ಲಿ ಕಲ್ಯಾಣ ಐತಾ ಅಂತ."

ನನಗೆ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದಂತೆ ಅಂದೆ. ನಾಡಿದ್ದು ವಿಚಾರಣೆ, ನಿನ್ನ ಶೋಕಿಗೆ ನಮ್ಮ ಅನ್ನ ಹೋಯಿತು, ಅವರು ಬರೆದದ್ದಕ್ಕೆ ನೀನೇ ಸಾಕ್ಷಿ ಕೊಟ್ಟೆ, ಅಂತೆಲ್ಲ. ಅಮ್ಮನ ಮುಖ ಸಣ್ಣಗಾಯಿತು. ಮೇಡಮ್ಮ ಮಾತ್ರ ಗೋಡೆಯನ್ನೇ ನೋಡುತ್ತಿದ್ದರು. ಕಣ್ಣು ತೆಗೆಯದೆಯೇ ಕೇಳಿದರು:

"ಯವ್ವಾ, ಆಫೀಸಿನವರು ಜಾಗ ನೋಡಾಕ ಬಂದಾಗೂ ಹಿಂಗ ಮಾಡಿದ್ರೇನು?"

"ಮಾಡ್ದೇ ಇರ್ತೀವಾ ಮೇಡಮ್ಮ? ಮುಂಚೇನೇ ಹೇಳ್ಕಳ್ಸಿದ್ರು. ದೊಡ್ಡೋರು ಬಂದಾಗ ಕಂಡೋರ ಮನೆ ಕೊಳೆ ಹರವಿಕೊಂಡು ಕೂರಕ್ಕಾಗುತ್ತಾ? ಮರ್ಯಾದೆ ಬ್ಯಾಡ್ವಾ? ಹಿಂದಿನ ದಿನಾನೇ ಎಲ್ಲಾ ತೊಳ್ದು ಬಳ್ದು, ಎಳನೀರು ಕೊಟ್ಟು ಕಳಿಸಿದ್ವಿ."

ಆ ನೋಟೀಸು ಬರೆದವನು ಸುಳ್ಳುಗಾರನಲ್ಲ. ಕಂಡದ್ದನ್ನೇ ಬರೆದಿದ್ದ. ಊರಿನ ಕೊಳೆಯೆಲ್ಲ ತೊಳೆಯುವ ನಮ್ಮ ಜನ, ತಮ್ಮ ಕೆಲಸವನ್ನೇ ತೊಳೆದು ಅವನ ಕಣ್ಣಿಂದ ಮರೆಮಾಡಿದ್ದರು.

ಮೇಡಮ್ಮ ದೀಪ ಹಾಕಿದರು. "ನಾಳೆ ಬೆಳಕು ಹರಿಯೂ ಹೊತ್ತಿಗೆ ಅದ ಜಾಗದಾಗ ನಿಂತು ಇನ್ನೊಂದು ಫೋಟೊ ತೆಗೀಬೇಕು. ಅದ ಮೂಲಿ, ಅದ ಎತ್ತರ. ಯಾರೂ ಕ್ಯಾಮರಾ ಕಡೆ ನೋಡಬಾರದು, ಮುಖಾ ತೊಕ್ಕೋಬಾರದು. ಗುರುವಾರ ಮೊದಲ ಈ ಖಾಲಿ ಘಾಟು ತೋರಸ್ತೀವಿ. ಅದರ ಹಿಂದ ನಾಳಿಂದು."

"ಖಾಲಿದು ಬೇಡ ಮೇಡಮ್ಮ! ನಮ್ಮ ಕತ್ತಿಗೆ ನಾವೇ ಕುಡುಗೋಲು ಕೊಟ್ಟಂಗೆ. ಸುಟ್ಟಾಕಿ ಅದನ್ನ."

"ಅವರು ಏನ್ ನಂಬ್ಯಾರೋ ಅದನ್ನ ಮೊದಲ ತೋರಸಬೇಕು ತಂಗಿ. ತಮ್ಮ ಕಣ್ಣು ಸುಳ್ಳಲ್ಲ ಅಂತ ಗೊತ್ತಾದ್ರ ಆಮ್ಯಾಲಿಂದನ್ನ ನೋಡ್ತಾರ. ಇಲ್ಲಂದ್ರ ಬರೀ ಜಗಳಾ ಆಡ್ತಾರ. ಮತ್ತ, ಖಾಲಿ ಚಿತ್ರ ಇದ್ದಾಗ ನೀ ಒಂದು ಮಾತೂ ಆಡಬಾರದು."

"ಅವರು ಕೇಳಿದ್ರೆ?"

"ಕೇಳಲಿ. ಸುಮ್ಕಿರು."

ಸುಮ್ಮನಿರೋದು ನನ್ನ ಜಾತಕದಲ್ಲೇ ಇಲ್ಲ. ಅವರು ಹೇಳಿದ್ದು ಸರಿ ಅಂತ ನನಗೆ ಅನ್ನಿಸಲೂ ಇಲ್ಲ. ಆದರೂ ಬುಧವಾರ ಬೆಳಿಗ್ಗೆ ನಾನೇ ನಿಂತು ತೆಗೆಸಿದೆ. ಸ್ಟುಡಿಯೋ ಅಣ್ಣನ ಕಾಲಿಗೆ ಬೀಳುವುದೊಂದು ಬಾಕಿ. ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಸ್ಲೈಡು ಕೈಗೆ ಕೊಟ್ಟ.

ಗುರುವಾರ. ಮೇಲಿನ ಮಹಡಿಯ ಉದ್ದನೆ ಕೋಣೆ. ಅಧಿಕಾರಿ ಮೇಜಿನ ಆಚೆ, ಎಡಬಲಕ್ಕೆ ಇನ್ನಿಬ್ಬರು. ಅಮ್ಮ ಹಿಂದಿನ ಬೆಂಚಿನಲ್ಲಿ. ಮೇಡಮ್ಮ ರಜೆ ಹಾಕಿ ಬಂದು ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತಿದ್ದರು. ಪರದೆ ಎಂದರೆ ಅಮ್ಮ ಒಗೆದ ಬಿಳಿ ಹಾಸು. ಮೇಡಮ್ಮ ಗುಂಡಿ ಒತ್ತಿದರು, ಖಟಕ್. ಖಾಲಿ ಘಾಟು ಬಂತು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ನೋಡಿ, ನಮ್ಮ ರಿಪೋರ್ಟಿನಲ್ಲಿ ಇರೋದೂ ಇದೇ ಅಲ್ವೇನಮ್ಮ? ಖಾಲಿ ಇದೆಯಲ್ಲ."

ನನ್ನ ನಾಲಿಗೆ ತುದಿಗೆ ನೂರು ಮಾತು ಬಂದವು. ಮೇಡಮ್ಮನ ಕಡೆ ನೋಡಿದೆ. ಅವರು ನನ್ನತ್ತ ತಿರುಗಲೇ ಇಲ್ಲ. ಬಣ್ಣದ ಬೆರಳು ಗುಂಡಿಯ ಮೇಲಿದೆ, ಒತ್ತುತ್ತಿಲ್ಲ. ಪ್ರೊಜೆಕ್ಟರಿನ ಫ್ಯಾನು ಗುರ್ ಅನ್ನುತ್ತಿದೆ. ಪಕ್ಕದಲ್ಲಿ ಕೂತವರೊಬ್ಬರು ಫೈಲು ಮುಚ್ಚಿದರು. ದೇವರಾಣೆ, ಆ ಹೆಂಗಸು ನಮ್ಮನ್ನು ಮುಳುಗಿಸಿಬಿಟ್ಟಳು ಅಂತಲೇ ನನಗೆ ಅನ್ನಿಸಿತು.

"ಮುಂದೆ ಏನಾದ್ರೂ ಇದೆಯಾ?" ಅಂದರು ಅಧಿಕಾರಿ.

ಅವರು ಕೇಳಲಿ ಅಂತಲೇ ಮೇಡಮ್ಮ ಕಾಯುತ್ತಿದ್ದದ್ದು. ಖಟಕ್.

ಅದೇ ಮೂಲೆ, ಅದೇ ಕಲ್ಲುಗಳು. ಆದರೆ ಪ್ರತಿ ಕಲ್ಲಿನ ಮುಂದೆ ಎತ್ತಿದ ಒಂದು ಕೈ, ಗಾಳಿಯಲ್ಲಿ ನಿಂತ ನೀರು, ಹಂಡೆಯಿಂದ ಎದ್ದ ಆವಿ, ಹಿಂದೆ ಬಯಲು ಕಾಣದಷ್ಟು ಸೀರೆ, ಹಾಸು, ಆಸ್ಪತ್ರೆಯ ಹಸಿರು ಬಟ್ಟೆ. ಫೈಲು ಮುಚ್ಚಿದವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು.

"ಇದು ಯಾವಾಗ ತೆಗೆದಿದ್ದು?"

"ನಿನ್ನೆ ಬೆಳಿಗ್ಗೆ ಸಾರ್."

"ಮೊದಲಿನದು?"

"ಸೋಮವಾರ."

ಅಧಿಕಾರಿಯ ಮುಖ ಬಿಗಿಯಿತು. "ಇದೇನು ಆಟಾನಾ? ಎರಡರಲ್ಲಿ ನಿಜ ಯಾವುದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚು ಕಿರುಗುಟ್ಟಿತು. ಅಮ್ಮ ಎದ್ದು ನಿಂತು ಕೈಮುಗಿದಿದ್ದಳು.

"ಎರಡೂ ನಿಜಾನೇ ಸ್ವಾಮಿ. ನೀವು ಬರ್ತೀರಿ ಅಂತ ಗೊತ್ತಾದ್ರೆ ಅದು. ಗೊತ್ತಾಗ್ದಿದ್ರೆ ಇದು."

ಅಧಿಕಾರಿ ಹಣೆ ತಿಕ್ಕಿಕೊಂಡು, "ಹಾಗಾದರೆ ನಾನು ಹೇಳದೇ ಬರಬೇಕು ಅನ್ನಿ" ಅಂದರು. ಹೇಳದೇ ಬಂದರು ಕೂಡ. ಒಂದು ನಸುಕಿನಲ್ಲಿ ಒಬ್ಬರೇ ಬಂದು, ಪ್ಯಾಂಟಿಗೆಲ್ಲ ಸೋಪಿನ ನೀರು ಸಿಡಿಸಿಕೊಂಡು ಹೋದರು. ಕೆಲವು ತಿಂಗಳಲ್ಲಿ ಆ ಕಟ್ಟಡ ಬೇರೆ ಕಡೆ ಹೋಯಿತು.

ವಿಚಾರಣೆಯ ದಿನ ಮೆಟ್ಟಿಲು ಇಳಿಯುತ್ತ ನಾನು ಮೇಡಮ್ಮನ ಮೇಲೆ ರೇಗಿದೆ. "ಅಷ್ಟು ಹೊತ್ತು ಯಾಕೆ ಒತ್ತಲಿಲ್ಲ? ಜೀವ ಬಾಯಿಗೆ ಬಂದಿತ್ತು." ಅವರು ನಕ್ಕು ಸೆರಗಿಗೆ ಕೈ ಒರೆಸಿಕೊಂಡರು. "ನಂದೂ ಬಂದಿತ್ತವಾ. ಬೆರಳು ನಡಗಾಕತ್ತಿತ್ತು, ನೀ ನೋಡಲಿಲ್ಲ." ಅಮ್ಮ ಆ ಸೆರಗನ್ನೇ ನೋಡಿ, "ಇವತ್ತೊಂದಿನ ಏನ್ ಬೇಕಾದ್ರೂ ಬಳ್ಕೊಳಿ ಮೇಡಮ್ಮ" ಅಂದಳು.

ಆಮೇಲೆ ನಾನು ಟೈಪಿಂಗ್ ಅಂಗಡಿ ಬಿಟ್ಟು ಇಂದಿರಾನಗರದ ಕಚೇರಿಗಳಿಗೆ ಪ್ರೆಸೆಂಟೇಶನ್ ಮಾಡಿಕೊಡುವುದನ್ನೇ ಕೆಲಸ ಮಾಡಿಕೊಂಡೆ. ಎರಡು ಸಾವಿರದ ನಂತರ ಎಲ್ಲ ಕಂಪ್ಯೂಟರಿಗೆ ಬಂತು. ಅಕ್ಷರಗಳು ಎಡಗಡೆಯಿಂದ ಹಾರಿ ಬಂದು ಗಿರಗಿರ ತಿರುಗುವುದನ್ನು ಮೇಡಮ್ಮನಿಗೆ ತೋರಿಸಿ ಜಂಬ ಪಟ್ಟರೆ, "ಅಕ್ಷರಕ್ಕ ರೆಕ್ಕಿ ಯಾಕವಾ? ಅದೇನ್ ಗುಬ್ಬಿ ಏನು? ತೆಗಿ" ಅಂದರು. ತೆಗೆದೆ. ಇವತ್ತಿಗೂ ನಾನು ಮೊದಲು ಕಾಗದದಲ್ಲಿ ಗೀಚಿ, ಹಗ್ಗಕ್ಕೆ ಸಿಕ್ಕಿಸಿ, ಯಾರನ್ನಾದರೂ ನಡೆಸಿ ನೋಡುತ್ತೇನೆ. ಕಚೇರಿಯ ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ.

ಅವರು ಹೋದದ್ದು ಒಂದು ಮುಂಜಾನೆ, ಮಲಗಿದ್ದಲ್ಲೇ. ನಾವು ಜೀವನ್ ಬಿಮಾ ನಗರಕ್ಕೆ ಓಡಿದೆವು. ಕೈ ಹಿಡಿದು ನೋಡಿದೆ. ತೋರುಬೆರಳಿನ ಉಗುರಲ್ಲಿ ನೀಲಿ ಹಾಗೇ ಇತ್ತು. ಅಲ್ಲಿಯವರೆಗೆ ಅಳದವಳು ಆ ನೀಲಿ ನೋಡಿ ಜೋರಾಗಿ ಅತ್ತೆ. ಹೆಣದ ಗಾಡಿ ಹಲಸೂರಿನ ಮೇಲೆ, ಘಾಟಿನ ಮುಂದೆಯೇ ಹೋಗುತ್ತದೆ ಅಂತ ಗೊತ್ತಾಗಿ ಅಮ್ಮ, ನಾನು ಮುಂಚೆಯೇ ಹಿಂದಿರುಗಿದೆವು.

ಸುದ್ದಿ ಕೇಳಿ ಘಾಟಿನಲ್ಲಿ ಆಗಲೇ ಗಡಿಬಿಡಿ. ಕೆಲವರು ಹಗ್ಗದಿಂದ ಬಟ್ಟೆ ಎಳೆಯುತ್ತಿದ್ದರು, ಕೆಲವರು ಕಲ್ಲು ತೊಳೆಯುತ್ತಿದ್ದರು. ಮೇಡಮ್ಮನ ಗಾಡಿ ಬರುವಾಗ ಮರ್ಯಾದೆ ಬೇಡವೇ?

"ಬಿಡ್ರೋ ಅದನ್ನ!" ಅಂತ ಅಮ್ಮ ಗೇಟಿನಿಂದಲೇ ಕೂಗಿದಳು. "ಒಂದು ಬಟ್ಟೆ ಎತ್ತಬೇಡಿ. ಎತ್ತಿದ್ದನ್ನ ವಾಪಸ್ ಹಾಕಿ. ಹೋಗಿ, ಕಲ್ಲಿನ ಮುಂದೆ ನಿಂತ್ಕೊಳಿ."

ಅಮ್ಮ ತಾನೂ ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದಳು. ಗಾಡಿ ಬಂದಾಗ ಯಾರೂ ಕೆಲಸ ನಿಲ್ಲಿಸಲಿಲ್ಲ. ಎಲ್ಲರೂ ಅಳುತ್ತಲೇ ಒಗೆಯುತ್ತಿದ್ದರು. ಗಾಡಿ ಮುಂದೆ ಹಾದು ತಿರುವು ದಾಟುವವರೆಗೂ ಅದು ನನಗೆ ಕಾಣಿಸಲಿಲ್ಲ. ಹಗ್ಗದ ತುಂಬ ಸೀರೆಗಳಿದ್ದವು.