ಅವರು ಹೇಳಿದಷ್ಟೇ ನೀರು

ಕಡಲ ತೀರದ ನಗರಗಳನ್ನು ಬಿರುಗಾಳಿಯಿಂದ ಕಾಯಬೇಕೇ ಬೇಡವೇ ಎಂದು ಹಾಸನದ ನಮ್ಮ ಪತ್ರಿಕೆಯನ್ನು ಯಾರೂ ಕೇಳಿರಲಿಲ್ಲ. ಅರಬ್ಬಿ ಸಮುದ್ರದಲ್ಲಿ ಗಾಳಿ ಎದ್ದು ಕರಾವಳಿಯ ಬೀದಿಗಳಿಗೆ ನೀರು ನುಗ್ಗಿದ ವಾರ, ಸಂಪಾದಕೀಯಕ್ಕೆ ಬೇರೆ ವಿಷಯ ಸಿಗದೆ ನಾನೇ ಬರೆದೆ. ಸಮುದ್ರಕ್ಕೆ ಗೋಡೆ ಕಟ್ಟುವುದು ಮುಗಿಯುವ ಕೆಲಸವಲ್ಲ, ಜನ ಹಿಂದೆ ಸರಿಯಲಿ ಎಂಬುದು ಅದರ ಸಾರ. ಸಂಪಾದಕೀಯದಲ್ಲಿ ಬರೆದವರ ಹೆಸರು ಇರುವುದಿಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹಿರಿಯರೊಬ್ಬರು ನನ್ನ ಮೇಜಿನ ಮುಂದೆ ಬಂದು ಕೂತರು. ಎಂಬತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಅರಕಲಗೂಡಿಗೆ ನೆಂಟರ ಮದುವೆಗೆ ಬಂದಿದ್ದರು. ನಿವೃತ್ತಿಯಾದ ಮೇಲೆ ಕರಾವಳಿಯ ನಗರವೊಂದರಲ್ಲಿ, ಸಮುದ್ರ ಕಾಣುವ ಹಾಗೆ ಮನೆ ಕಟ್ಟಿಕೊಂಡವರು. ತಡೆಗೋಡೆ ಬೇಕೆಂದು ಅರ್ಜಿ ಹಾಕಿರುವ ಬಡಾವಣೆ ಸಂಘಕ್ಕೆ ಅವರೇ ಅಧ್ಯಕ್ಷರು. ಲಕೋಟೆಯೊಂದನ್ನು ಮುಂದಿಟ್ಟರು. ಒಳಗೆ ಪತ್ರವಿತ್ತು, ಸಂಘದವರು ತೆಗೆದ ಕೆಲವು ಫೋಟೊಗಳಿದ್ದವು.

“ಜನಾನ ಎಬ್ಬಿಸಿ ಅಂತ ಬರ್ದಿದೀರಲ್ಲ, ಬರ್ದೋರಿಗೆ ಎಬ್ಬಿಸೋದು ಅಂದ್ರೇನು ಅಂತ ಗೊತ್ತೇನ್ರಿ?”

“ನೀವೇ ಹೇಳಿ ಸರ್,” ಎಂದೆ.

“ಹೇಮಾವತಿ ಮುಳುಗಡೇಲಿ ಎಷ್ಟೋ ಊರು ಎಬ್ಬಿಸಿದೋನು ಕಣ್ರೀ ನಾನು. ಆದ್ರೆ ಅವು ಹಳ್ಳಿ. ನಾಲ್ಕು ದಿನ ಅಳ್ತಾರೆ, ಐದನೇ ದಿನ ಒಲೆ ಹಚ್ತಾರೆ. ಇದು ಸಿಟಿ. ಸಿಟೀನ ಎತ್ತಿ ಎಲ್ಲಿಡ್ತೀರಿ?”

ಎಬ್ಬಿಸಿದ ಊರುಗಳ ಹೆಸರನ್ನು ಬೆರಳು ಮಡಿಸಿ ಹೇಳುತ್ತಾ ಹೋದರು. ನಾಲ್ಕನೆಯದು ನನ್ನ ಊರು.

ಶೆಟ್ಟಿಹಳ್ಳಿಯಲ್ಲಿ ಅದೇ ಹೇಮಾವತಿಯ ಹಿನ್ನೀರಿನ ನಡುವೆ ಇಗರ್ಜಿ ನಿಂತಿದೆ, ಫೋಟೊ ತೆಗೆಯಲು ದಿನವೂ ಜನ ಬರುತ್ತಾರೆ. ನಮ್ಮೂರಲ್ಲಿ ಇಗರ್ಜಿ ಇರಲಿಲ್ಲ. ಹಾಗಾಗಿ ಅಲ್ಲಿಗೆ ಯಾರೂ ಬರುವುದಿಲ್ಲ.

ನನಗಾಗ ಏಳು ವರ್ಷ. ನಮ್ಮ ಕಡೆ ಮನೆಯನ್ನು ಅಂಕಣದಲ್ಲಿ ಲೆಕ್ಕ ಹಿಡಿಯುತ್ತಾರೆ. ಕಂಬದ ಒಂದು ಸಾಲಿನಿಂದ ಇನ್ನೊಂದು ಸಾಲಿನವರೆಗಿನ ಜಾಗ ಒಂದು ಅಂಕಣ. ನಮ್ಮದು ಐದಂಕಣದ ಮನೆ, ಅದರಲ್ಲಿ ಅಪ್ಪ ಮತ್ತು ಚಿಕ್ಕಪ್ಪನ ಎರಡು ಸಂಸಾರ. ಪುಸ್ತಕ ಹಿಡಿದ ಅಧಿಕಾರಿ ಬಾಗಿಲಿಗೆ ಬಂದರೆ ಇರುವುದನ್ನು ಕಮ್ಮಿ ಮಾಡಿ ಹೇಳುವುದು ನಮ್ಮವರಿಗೆ ತಲೆತಲಾಂತರದಿಂದ ಬಂದ ಬುದ್ಧಿ. ಹೆಚ್ಚು ಹೇಳಿದರೆ ಕಂದಾಯ ಹೆಚ್ಚು ಎಂಬ ಭಯ. ಈ ಸಲದ ಪುಸ್ತಕ ಕಿತ್ತುಕೊಳ್ಳುವುದಕ್ಕಲ್ಲ, ಬದಲಿ ಜಾಗ ಕೊಡುವುದಕ್ಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

“ಎಷ್ಟಂಕಣ ಯಜಮಾನ?”

“ಮೂರು ಸಾ,” ಎಂದರು ಅಪ್ಪ.

ಆ ಯುವ ಅಧಿಕಾರಿ ಪೆನ್ನಿನ ತುದಿಯಲ್ಲಿ ಕಂಬಗಳನ್ನು ಎಣಿಸಿದ್ದನ್ನು ನಾನು ಬಾಗಿಲ ಬಳಿ ನಿಂತು ನೋಡಿದ್ದೇನೆ. ಐದಂಕಣವೂ ಅವರ ಎಣಿಕೆಗೆ ಬಂತು. ಸಣ್ಣಗೆ ನಕ್ಕು ಮೂರು ಎಂದು ಬರೆದುಕೊಂಡರು. ಪಟ್ಟಿ ಹೊರಬಿದ್ದ ಮೇಲೆ ಅಪ್ಪ ಅವರ ಕ್ಯಾಂಪಿಗೆ ಓಡಿದರು, ನಾನೂ ಹಿಂದೆ ಹೋಗಿದ್ದೆ.

“ಐದದೆ ಸಾ. ಕಂದಾಯ ಆಕ್ಬುಡ್ತಾರೇನೋ ಅಂತ ಅಂಗಂದ್ಬುಟ್ಟೆ.”

“ನೀನು ಹೇಳಿದ್ದನ್ನೇ ಬರ್ಕೊಂಡಿದೀನಿ. ಹೋಗು.”

ಹಳೇಕೋಟೆಯ ಕಡೆ ಸಿಕ್ಕ ನಿವೇಶನದಲ್ಲಿ ಒಂದು ಸಂಸಾರಕ್ಕಷ್ಟೇ ಜಾಗವಿತ್ತು. ಚಿಕ್ಕಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನುಗ್ಗೇಹಳ್ಳಿಯ ಹತ್ತಿರ ಯಾರದೋ ತೆಂಗಿನ ತೋಟ ಕಾಯಲು ಹೋದರು. ಅಪ್ಪ ಸಾಯುವವರೆಗೂ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಆ ಅಧಿಕಾರಿ ಈಗ ನನ್ನ ಮುಂದೆ ಕಾಫಿ ಕುಡಿಯುತ್ತಿದ್ದರು. ನಾನು ಫೋಟೊಗಳನ್ನು ತಿರುವಿ ಹಾಕಿದೆ. ಒಂದರಲ್ಲಿ ಗೇಟಿನ ಮೇಲೆ ಅವರ ಹೆಸರಿನ ಫಲಕ, ತೆರೆದ ಬಾಗಿಲು, ಹಾಲ್‌ನಲ್ಲಿ ತೇಲುತ್ತಿದ್ದ ಕುರ್ಚಿ. ನೀರು ಕಿಟಕಿಯ ಮಟ್ಟಕ್ಕಿತ್ತು. ಫೋಟೊಗಳನ್ನು ಲಕೋಟೆಗೆ ಸೇರಿಸಿ ನೋಟ್‌ಬುಕ್ ತೆಗೆದೆ.

“ಪತ್ರದ ಜೊತೆ ನಿಮ್ಮ ಮಾತೂ ಹಾಕ್ತೀವಿ ಸರ್. ಮನೆ ಒಳಗೆ ನೀರು ಬಂತಾ?”

ಅವರು ನನ್ನ ಪೆನ್ನನ್ನು ನೋಡಿದರು. ಸಮುದ್ರದಿಂದ ಇಷ್ಟು ದೂರ ಬಿಟ್ಟೇ ಕಟ್ಟಬೇಕೆಂಬ ಕಾನೂನು ಅಲ್ಲಿದೆ, ನೀರು ಒಳಗೆ ಬಂತೆಂದರೆ ಅದನ್ನು ಮೀರಿದ್ದು ಬಯಲಾದೀತು. ಬರೆದುಕೊಳ್ಳುವವನ ಮುಂದೆ ಅವರೂ ನಮ್ಮೂರಿನವರ ಹಾಗೆ ಕಮ್ಮಿ ಮಾಡಿಯೇ ಹೇಳಿದರು.

“ಒಳಗೆಲ್ಲ ಬರಲಿಲ್ಲ. ಗೇಟಿನ ತನಕ ಅಷ್ಟೆ.”

“ಮನೆ ಸಮುದ್ರಕ್ಕೆ ಹತ್ತಿರವಾ?”

“ಬೇಕಾದಷ್ಟು ದೂರ ಬಿಟ್ಟೇ ಕಟ್ಟಿದೀನಿ. ಬರ್ಕೊಳಿ.”

ಇಂಥ ಕಡೆ ಫೋಟೊ ಮುಂದಿಟ್ಟು ಇನ್ನೊಂದು ಪ್ರಶ್ನೆ ಕೇಳಬೇಕೆಂದು ಹೊಸ ವರದಿಗಾರರಿಗೆ ಪಾಠ ಹೇಳುವವನು ನಾನೇ. ಕೇಳಲಿಲ್ಲ. ಬರೆದದ್ದನ್ನು ಓದಿ ಹೇಳಿದೆ. ಸರಿಯಿದೆ ಎಂದು ಸಹಿ ಹಾಕಿದರು.

ಭಾನುವಾರ ಅಚ್ಚಾಯಿತು. ‘ನೀರು ನನ್ನ ಮನೆಯೊಳಗೆ ಬಂದಿಲ್ಲ: ಸಂಘದ ಅಧ್ಯಕ್ಷ’. ತಲೆಬರಹದ ಅಕ್ಷರವನ್ನು ನಾನೇ ಒಂದು ಗಾತ್ರ ಹೆಚ್ಚಿಸಿದ್ದೆ. ಅವರು ಹೇಳದ ಮಾತು ಒಂದೂ ಸೇರಿರಲಿಲ್ಲ. ಆ ಬೆಳಿಗ್ಗೆ ಅದನ್ನು ಮೂರು ಸಲ ಓದಿದೆ, ಮೂರು ಸಲವೂ ಹಿತವಾಯಿತು.

ಎರಡು ವಾರಕ್ಕೆ ಅವರ ಫೋನ್ ಬಂತು. ಆ ಸುದ್ದಿಯ ತುಣುಕು ವಾಟ್ಸಾಪ್ ಹತ್ತಿ ಅವರ ನಗರದ ಸರ್ಕಾರಿ ಕಚೇರಿಗೆ ತಲುಪಿತ್ತು. ನಿಮ್ಮ ಅಧ್ಯಕ್ಷರೇ ನೀರು ಬಂದಿಲ್ಲ ಅಂದಿದ್ದಾರಲ್ಲ ಎಂದು ಅಲ್ಲಿನವರು ಗೋಡೆಯ ಅರ್ಜಿಯನ್ನು ಹಿಂತಿರುಗಿಸಿದ್ದರು. ಸಂಘದವರು ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದ್ದರು.

“ಲಕೋಟೇಲಿ ಫೋಟೊ ಇತ್ತಲ್ರೀ. ನೀವು ನೋಡಿದ್ರಿ.”

“ನೀವು ಹೇಳಿದ್ದನ್ನೇ ಬರ್ಕೊಂಡಿದೀನಿ ಸರ್.” ಆಮೇಲೆ ನನ್ನ ಊರಿನ ಹೆಸರು ಹೇಳಿದೆ, ಐದಂಕಣದ ಮನೆ ಎಂದೆ.

ಅವರಿಗೆ ನೆನಪಾಯಿತೋ ಇಲ್ಲವೋ ತಿಳಿಯಲಿಲ್ಲ. ನೆನಪಾಗಲಿಲ್ಲ ಎಂದೇ ನನ್ನ ಅನುಮಾನ, ಅದು ಈಗಲೂ ಉರಿಯುತ್ತದೆ. “ನಮ್ಮ ಬೀದಿ ಕೊನೇಲಿ ಮೀನುಗಾರರ ಮನೆಗಳಿವೆ. ಗೋಡೆ ಅವರಿಗೂ ಆಗ್ತಿತ್ತು,” ಎಂದು ಫೋನ್ ಇಟ್ಟುಬಿಟ್ಟರು.

ಪತ್ರಿಕೆ ಹಿಡಿದು ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ನುಗ್ಗೇಹಳ್ಳಿಗೆ ಹೋದೆ. ಚಿಕ್ಕಪ್ಪ ತೆಂಗಿನಕಾಯಿಯ ಮಟ್ಟೆ ಸುಲಿಯುತ್ತಾ ಕೂತಿದ್ದರು. ಸುದ್ದಿ ಓದಿ, ನಡೆದದ್ದನ್ನೆಲ್ಲ ಹೇಳಿದೆ.

“ಕುರ್ಚಿ ತೇಲ್ತಿತ್ತಾ?”

“ತೇಲ್ತಿತ್ತು ಚಿಕ್ಕಪ್ಪ.”

“ಇನ್ನೊಂದ್ಸಲ ಏಳ್ಲಾ.”

ಹೇಳಿದೆ. ಬೊಚ್ಚು ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೀನುಗಾರರ ವಿಷಯ ತಿಳಿಸಿದಾಗ ಮಟ್ಟೆ ಕೆಳಗಿಟ್ಟರು.

“ಅವ್ರ್ ಮನೇತಾವ ಪುಸ್ತಕ ಇಡ್ಕಂಡು ಓಗಿದ್ದೋರು ಯಾರ್ಲಾ? ನೀನಾ?”

“ಯಾರೂ ಹೋಗಿಲ್ಲ.”

“ಅಂಗಾರೆ ಅವನ್ಗೂ ನಿಂಗೂ ಏನ್ಲಾ ಯತ್ವಾಸ?”

ಸೋಮವಾರ ನಾನೇ ಆ ನಗರಕ್ಕೆ ಬಸ್ಸು ಹತ್ತಿದೆ. ಬೀದಿಯ ಕೊನೆಯ ಮನೆಗಳಲ್ಲಿ ಕೂತೆ. ನೀರು ಬಂತಾ ಎಂದರೆ ಅಲ್ಲಿಯೂ ಮೊದಲು ಎಲ್ಲರೂ ಅಷ್ಟೇನಿಲ್ಲ ಎಂದರು. ಮನೆಗೋಡೆಯ ಮೇಲಿನ ನೀರಿನ ಕಲೆ ತೋರಿಸಿ ಎರಡನೇ ಪ್ರಶ್ನೆ ಕೇಳಿದೆ. ಕೇಳಿದ್ದನ್ನೂ ಕಂಡದ್ದನ್ನೂ ಬರೆದೆ, ಫೋಟೊ ಹಾಕಿದೆ. ಹಳೆಯ ಸಂಪಾದಕೀಯ ತಪ್ಪೆಂದು ಹೊಸದರಲ್ಲಿ ಒಪ್ಪಿಕೊಂಡೆ. ಹಳ್ಳಿಯಾಗಲಿ ನಗರವಾಗಲಿ, ಇರುವವರನ್ನು ಸರಿಯಾಗಿ ಕೇಳದೆ ಮುಳುಗಲು ಬಿಡುವ ಹಕ್ಕು ಯಾರಿಗೂ ಇಲ್ಲ. ಗೋಡೆ ಬೇಕು.

ಅರ್ಜಿ ಮತ್ತೆ ಮೇಲೆ ಬಂದಿದೆ, ಅಳತೆ ನಡೆಯುತ್ತಿದೆ ಎಂದು ಮೀನುಗಾರರು ಫೋನ್ ಮಾಡಿದ್ದರು. ಗೋಡೆ ಎದ್ದರೆ ಆ ಮನುಷ್ಯನ ಮನೆಯನ್ನೂ ಕಾಯುತ್ತದೆ. ಅದೊಂದನ್ನು ತಪ್ಪಿಸುವ ದಾರಿ ನನಗಿನ್ನೂ ಹೊಳೆದಿಲ್ಲ.