ಕ್ಯಾಮೆರಾದ ಉಡದಾರ

ಮೊನ್ನೆ ಕಪಾಟು ಝಾಡಿಸುವಾಗ ಹಳೆಯ ಕ್ಯಾಮೆರಾ ಚೀಲ ಕೈಗೆ ಬಂತು. ತೆರೆದರೆ ಡಾಂಬರು ಗುಳಿಗೆಯ ವಾಸನೆ. ತಳದಲ್ಲಿ ಎರಡು ತುಂಡು ಕೆಂಪು ರೇಷ್ಮೆ ದಾರ. ಇಷ್ಟು ವರ್ಷವಾದರೂ ಆ ದಾರ ಕಂಡರೆ ನನಗೆ ಮೈ ಉರಿಯುತ್ತದೆ. ದಾರದ ಮೇಲೆ ಎಂಥ ಸಿಟ್ಟು ಅಂತ ನಗಬೇಡಿ, ಪೂರ್ತಿ ಕೇಳಿ.

ಎಂಬತ್ತರ ದಶಕದ ಮೊದಲಲ್ಲಿ, ಹುನಗುಂದದ ಕಚೇರಿಯಲ್ಲಿದ್ದ ನಮ್ಮವರು ಮುಂಬೈಯಿಂದ ಜೂಮ್ ಲೆನ್ಸಿನ ಕ್ಯಾಮೆರಾ ತರಿಸಿದರು. ದೂರದ್ದು ಹತ್ತಿರ ಕಾಣಲು ಲೆನ್ಸನ್ನು ಮುಂದಕ್ಕೆ ಜಗ್ಗಬೇಕು. ಆದರೆ ಅದರ ಹಿಡಿತ ಸಡಿಲ. ಕೊರಳಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಸಾಕು, ತನ್ನ ಭಾರಕ್ಕೆ ತಾನೇ ಜಾರಿ ಹೊರಗೆ ಜೋಲುತ್ತಿತ್ತು. ನಮ್ಮವರು ಹೊಟ್ಟೆನೋವಿನವರ ಹಾಗೆ ಅದನ್ನು ಅವುಚಿ ಹಿಡಿದೇ ತಿರುಗುತ್ತಿದ್ದರು.

ನಮ್ಮವ್ವ ಇಳಕಲ್ಲಿನಾಕೆ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲೇ ಆಕೆಯ ಕಣ್ಣು ಸವೆದಿದ್ದವು. ತನ್ನದೊಂದೂ ಫೋಟೋ ಇರಲಿಲ್ಲ. "ಬಾದಾಮಿಯೊಳಗ ನಂದೊಂದು ಫೋಟೋ ತಗಸವಾ" ಅಂತ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ ಆಸೆ. ಬಾದಾಮಿಗೆ ಹೊರಡುವ ಹಿಂದಿನ ದಿನ ನಮ್ಮನೆಗೆ ಬಂದವಳು ಲೆನ್ಸು ಜಾರುವುದನ್ನು ನೋಡಿ, "ಇಷ್ಟಕ್ಕ ಇಷ್ಟು ತಿಪ್ಪಲ ಏನ?" ಅಂದಳು. ಕೆಂಪು ರೇಷ್ಮೆ ಹೊಸೆದು ಲೆನ್ಸಿನ ಮೂತಿಗೊಂದು, ಕೊರಳಪಟ್ಟಿಯ ಬಳೆಗೊಂದು ಕುಣಿಕೆ ಮಾಡಿ, ಸೆರಗಿನ ಕೊಂಡಿಯ ಹಾಗೆ ಒಂದರೊಳಗೊಂದು ಸಿಕ್ಕಿಸಿದಳು. ಬೆರಳಿಂದ ಜಗ್ಗಿದರೆ ಬಿಚ್ಚಬೇಕು, ಇಲ್ಲದಿದ್ದರೆ ಅಲ್ಲಾಡಬಾರದು. ನಾನು ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ಕುಣಿದೇ ನೋಡಿದೆ. ಜಾರಲಿಲ್ಲ.

ಬಾದಾಮಿಗೆ ನಮ್ಮವರ ಕಚೇರಿಯ ಸಾಹೇಬರೂ ಬಂದರು. ಬಸ್ಸಿಳಿಯುತ್ತಲೇ, "ಏನ್ರಿ ಇದು, ಕ್ಯಾಮೆರಾಕ್ಕ ಉಡದಾರ ಕಟ್ಟೀರಿ! ದೃಷ್ಟಿಬೊಟ್ಟೂ ಇಡಬೇಕಿತ್ತಲ್ಲ?" ಅಂತ ನಕ್ಕರು. ನಮ್ಮವರ ಕಿವಿ ಕೆಂಪಾದವು.

"ಅಡಕೊತ್ತು ಕೊಡ್ರಿ ಅತ್ತಿ" ಅಂದರು ನಮ್ಮವರು.

ಅಡಿಕೆ ಕತ್ತರಿಸಲಿಕ್ಕೆ ಅಂದುಕೊಂಡು ಅವ್ವ ಸಂಚಿಯಿಂದ ತೆಗೆದುಕೊಟ್ಟಳು. ಆಕೆಯ ಕಣ್ಣೆದುರೇ, ಆಕೆಯದೇ ಅಡಕೊತ್ತಿನಿಂದ ದಾರವನ್ನು ಕಟ್ ಅಂತ ಕತ್ತರಿಸಿ ಒಗೆದರು. ಬಿಚ್ಚಲು ಬರುತ್ತಿರಲಿಲ್ಲವೇ?

"ಜಾರ್ತದರಿ" ಅಂದೆ.

"ನೀ ಸುಮ್ನಿರು."

ನಾನು ಬಗ್ಗಿ ತುಂಡು ಆರಿಸಿಕೊಂಡೆ.

ಗುಹೆಯ ಮೆಟ್ಟಿಲೇರುವಾಗ ನಮ್ಮವರು ಬೂಟಿನ ಲೇಸು ಕಟ್ಟಲು ಬಗ್ಗಿದರು. ಲೆನ್ಸು ಸರ್ರನೆ ಜಾರಿ ಕಲ್ಲಂಚಿಗೆ ಬಡಿಯಿತು. ಗಾಜು ಚೂರಾಯಿತು. ಮೇಲೆ ಕಂಬದ ಹತ್ತಿರ ಅವ್ವ ಸೆರಗು ತಲೆ ಮೇಲೆ ಸರಿಮಾಡಿಕೊಂಡು, ಫೋಟೋಕ್ಕೆಂದು ಉಸಿರು ಹಿಡಿದು ನಿಂತುಬಿಟ್ಟಿದ್ದಳು. ಸಾಹೇಬರು ನೋಡುತ್ತಿದ್ದರು. ನಮ್ಮವರು ಒಡೆದ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು.

"ತಗದ್ರೇನ್ರಿ ಅಳಿಯಂದ್ರ?"

"ತಗದೇನ್ರಿ."

ಸಿಟ್ಟು ಬಂದಾಗ ದನಿ ತಗ್ಗಿಸಬೇಕು ಅಂತ ನಾನು ಓದಿದ ಕಾನ್ವೆಂಟಿನಲ್ಲಿ ಕಲಿಸಿದ್ದರು. ನಾನು ಎಷ್ಟು ತಗ್ಗಿಸಿದೆನೆಂದರೆ ದನಿಯೇ ಬರಲಿಲ್ಲ. ಮುಂದಿನ ವರ್ಷ ತೀರಿಕೊಳ್ಳುವತನಕ ಅವ್ವ ಕೇಳುತ್ತಲೇ ಇದ್ದಳು: "ಫೋಟೋ ಬಂತೇನವಾ?" ಸ್ಟುಡಿಯೋದವರು ಇನ್ನೂ ತೊಳೆಯುತ್ತಿದ್ದಾರೆ ಅಂತ ನಾನೂ ಸುಳ್ಳು ಹೇಳಿದೆ. ಅದಕ್ಕಾಗಿ ನನ್ನನ್ನು ನಾನೇ ಕ್ಷಮಿಸಿಲ್ಲ.

ಮೊನ್ನೆ ಚೀಲ ನೋಡಿ ನಮ್ಮವರು, "ಕೆಟ್ಟ ಪೀಸದು, ಒಗಿ ಅತ್ಲಾಗ" ಅಂದರು.

"ಪೀಸು ಕೆಟ್ಟಿದ್ದಿಲ್ಲ. ಕೊಂಡಿ ಕತ್ತರಿಸಿದವರು ನೀವು. ತಗದೇನಿ ಅಂತ ನಮ್ಮವ್ವಗ ಸುಳ್ಳು ಹೇಳಿದವರೂ ನೀವ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ತೆರೆಯಲಿ.

ಆ ಎರಡು ತುಂಡನ್ನು ನಾನು ಗಂಟು ಹಾಕಲಿಲ್ಲ. ಪಡಸಾಲೆಯಲ್ಲಿ ಮನೆತನದ ಫೋಟೋಗಳ ಸಾಲಿನಲ್ಲಿ ಹೊಸದೊಂದು ಮೊಳೆ ಹೊಡೆದು, ಕತ್ತರಿಸಿದ ಹಾಗೇ ತೂಗುಹಾಕಿದ್ದೇನೆ. ಬಂದವರೆಲ್ಲ ಇದೇನು ಅಂತ ಕೇಳುತ್ತಾರೆ. ನಾನು ಚಹಾ ಮಾಡಲು ಒಳಗೆ ಹೋಗುತ್ತೇನೆ. ಉತ್ತರ ಹೇಳುವುದನ್ನು ನಮ್ಮವರಿಗೇ ಬಿಟ್ಟಿದ್ದೇನೆ.