ನೋಟಾಗಿಂತ ಕೆಳಗೆ

ನಮ್ಮ ಯಜಮಾನರಿಗೆ ಹೊಸದುರ್ಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರು ಸುಟ್ಟುಕೊಂಡು ಬಂದವರು, ತಂತಿ ಸುತ್ತಿ ಮುಗಿಯುವವರೆಗೂ ಅಲ್ಲೇ ಕೂತು ರಾಜಕೀಯ ಮಾತಾಡುತ್ತಾರೆ. ವಿಧಾನಸಭೆ ಚುನಾವಣೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಸಲ ನಿಂತೋರು ಯಾರೂ ಸರಿ ಇಲ್ಲ. ಯಾರೂ ಬ್ಯಾಡ ಅಂತ ನೋಟಾ ಒತ್ತಿ ಬರಾದೇ ಸರಿ."

ಕೇಳಿ ಕೇಳಿ ಸಾಕಾಯಿತೇನೋ, ಇವರು "ಹಂಗಾದ್ರೆ ನಾನೇ ನಿಲ್ತೀನಿ, ನನಗೆ ಹಾಕ್ರಿ" ಅಂದುಬಿಟ್ಟರು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಆ ಚಪ್ಪಾಳೆ ನಂಬಿಕೊಂಡು ನಾಮಪತ್ರ ಹಾಕಿಯೇ ಬಂದರು.

ನಾನು ಸರ್ಕಾರಿ ಶಾಲೆಯ ಟೀಚರು. ಗಂಡನ ಪರವಾಗಿ ಒಂದು ಮನೆಗೂ ಹೋಗಿ ಕೇಳುವ ಹಾಗಿರಲಿಲ್ಲ. ಬೈಕಿಗೆ ಕರಪತ್ರದ ಕಟ್ಟು ಬಿಗಿದುಕೊಂಡು ಅವರು ಹೊರಟರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅಷ್ಟೆ. ಗೆಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ನನ್ನ ದಿಗಿಲೇ ಬೇರೆ. ಸಂಜೆ ಬಂದು "ಆ ಬೀದಿ ಪೂರ್ತಿ ನಮ್ಮದು ಕಣೆ" ಅನ್ನುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಜನ ನಕ್ಕು ಕಳಿಸಿದ್ದನ್ನೆಲ್ಲ ಇವರು ಮಾತು ಕೊಟ್ಟರು ಅಂದುಕೊಂಡಿದ್ದರು.

ಎಣಿಕೆಗೆಂದು ಬೆಳಗ್ಗೆಯೇ ಚಿತ್ರದುರ್ಗಕ್ಕೆ ಹೋದರು. ನಾನೂ ಅತ್ತೆಯೂ ಟಿ.ವಿ. ಮುಂದೆ ಕೂತೆವು. ಅದರಲ್ಲಿ ದೊಡ್ಡ ಪಕ್ಷದವರ ಹೆಸರಷ್ಟೇ ಬರುತ್ತಿತ್ತು. ಕೊನೆಗೆ ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಕಡಿಮೆ ಓಟು ಇವರಿಗೆ. ನೋಟಾಗೆ ಬಿದ್ದದ್ದರ ಕಾಲು ಭಾಗವೂ ಇವರಿಗೆ ಬಿದ್ದಿರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ. ಮತ್ತೆ ಅದೇ.

ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ ಹತ್ತಿದೆ. ಹಿಂದಿನ ಸೀಟಿನಲ್ಲಿ ಇಬ್ಬರದು ರಿಸಲ್ಟಿನದೇ ಮಾತು.

"ಆ ಮೋಟರ್ ಅಂಗಡಿಯೋನು ನೋಡಲೇ, ನೋಟಾಗೂ ಸೋತ!"

"ನಾಳೆ ಊರಿಗೆ ಹೆಂಗೆ ಮಕ ತೋರಿಸ್ತಾನಪ್ಪ?"

ನಾನು ಯಾರೆಂದು ಅವರಿಗೆ ತಿಳಿಯದು. ಮೊದಲನೆಯವನ ಮಾತಿಗೆ ನನಗೂ ನಗು ಬಂತು, ಹೇಗೋ ತಡೆದುಕೊಂಡೆ. ಎರಡನೆಯವನು ಅಂದದ್ದು ಮಾತ್ರ ಮನಸ್ಸು ಬಿಟ್ಟು ಹೋಗಲಿಲ್ಲ. ಹೊಳಲ್ಕೆರೆಯಲ್ಲಿ ಗೆದ್ದವರ ಕಡೆಯವರು ರಸ್ತೆ ತುಂಬ ಪಟಾಕಿ ಹಚ್ಚಿದ್ದರು, ಬಸ್ ಮುಂದಕ್ಕೆ ಹೋಗಲೊಲ್ಲದು. ಇಳಿದು ಓಡಿಬಿಡಲೇ ಅನಿಸಿತು. ಏನೇನೋ ಕೆಟ್ಟ ಯೋಚನೆಗಳು.

ಚಿತ್ರದುರ್ಗದಲ್ಲಿ ಎಣಿಕೆ ನಡೆಯುತ್ತಿದ್ದ ಕಾಲೇಜಿನ ಹತ್ತಿರ ಬ್ಯಾರಿಕೇಡು. "ಒಳಗೆ ಬಿಡಂಗಿಲ್ಲ ಅಕ್ಕ. ಸೋತೋರು ಎಲ್ಲ ಆಗ್ಲೇ ಹೋದ್ರು" ಅಂದ ಪೊಲೀಸಿನವನು. ಎಲ್ಲಿಗೆ ಹೋದರು ಅಂತ ಅವನನ್ನು ಕೇಳಿ ಏನು ಪ್ರಯೋಜನ? ರಸ್ತೆಯುದ್ದಕ್ಕೂ ಒಂದೊಂದೇ ಅಂಗಡಿ ಇಣುಕುತ್ತಾ ಹೋದೆ. ಒಂದು ಟೀ ಅಂಗಡಿಯ ಬೆಂಚಿನ ಮೇಲೆ, ಮಂಡಕ್ಕಿ ಪೊಟ್ಟಣ ಮುಂದಿಟ್ಟುಕೊಂಡು, ತಿನ್ನದೆ ಕೂತಿದ್ದರು.

"ನೀನ್ಯಾಕೆ ಬಂದೆ?"

"ಫೋನ್ ಯಾಕ್ರೀ ಆಫ್ ಮಾಡಿದ್ರಿ?"

"ಒಳಗೆ ಫೋನ್ ಬಿಡಲ್ಲ. ಇಲ್ಲೇ ಕೊಟ್ಟೋಗಿದ್ದೆ. ಚಾರ್ಜು ಮುಗಿದೈತೆ."

ಅಳು ತಡೆಯಲಾಗಲಿಲ್ಲ. ಅವರು ಪೊಟ್ಟಣ ನನ್ನ ಕಡೆ ಸರಿಸಿದರು. ಆಮೇಲೆ ಅಂದರು: "ಸೋತಿದ್ದಕ್ಕೆ ಬೇಜಾರಲ್ಲ ಕಣೆ. ಮಿಷಿನ್ನಲ್ಲಿ ನನ್ನ ಹೆಸರೇ ಕೊನೇದು. ಅದರ ಕೆಳಗೇ ನೋಟಾ. ಅಷ್ಟು ಜನ ನನ್ನ ತನಕ ಬಂದು, ನನ್ನ ದಾಟ್ಕಂಡು ಒತ್ತಿದಾರೆ."

"ಊರಿಗೆ ಹೋಗಾಣ ಬರ್ರಿ" ಅಂದೆ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲೇ ಕಾಯುತ್ತಿದ್ದರು. "ನೋಟಾ ಅಂಬೋನಿಗೆ ನಿನಗಿಂತ ಜಾಸ್ತಿ ಬಿದ್ದವಂತಲ್ಲಪ್ಪ. ಯಾವೂರೋನು ಅವನು?"

"ಅದು ಮನುಷ್ಯ ಅಲ್ಲವ್ವ. ನಿಂತೋರು ಯಾರೂ ಬ್ಯಾಡ ಅಂತ ಒತ್ತೋ ಬಟನ್ನು."

ಅತ್ತೆ ಯೋಚಿಸಿದರು. "ನಿನ್ನೂ ಸೇರಿಸ್ಕಂಡೇ ಬ್ಯಾಡ ಅಂದ್ರಾ?"

"ಹ್ಞೂನವ್ವ. ನನ್ನೂ ಸೇರಿಸ್ಕಂಡೇ."

ಹಾಗೆ ಅನ್ನುವಾಗ ಇವರಿಗೇ ನಗು ಬಂತು. ನನಗೆ ಬರಲಿಲ್ಲ.

ಮರುದಿನ ಎಂದಿನಂತೆ ಅಂಗಡಿ ತೆಗೆದರು. ರಜೆ ಮುಗಿದು ಶಾಲೆ ಶುರುವಾದ ಮೇಲೂ ನಾನು ಬಿಡುವಾದಾಗಲೆಲ್ಲ ಏನಾದರೊಂದು ನೆಪ ಮಾಡಿ ಫೋನ್ ಮಾಡುತ್ತಿದ್ದೆ: ಊಟ ಆಯ್ತಾ, ಗ್ಯಾಸ್ ಬುಕ್ ಮಾಡಿದ್ರಾ. ಒಂದು ದಿನ ಅವರೇ ಕೇಳಿದರು, "ಏನೇ, ನಾನಿದೀನೋ ಇಲ್ವೋ ಅಂತ ನೋಡ್ತೀಯಾ?"

"ಅಂಗಡೀಲಿ ಯಾರಿದಾರೆ?" ಅಂದೆ.

"ಅವರೇ, ಚಪ್ಪಾಳೆ ತಟ್ಟಿದೋರು. ಮೋಟರ್ ತಂದವ್ರೆ."